ಅಕ್ಕನ ಮೂಳೆಯಲ್ಲಿ ನನ್ನ ರಕ್ತ

ಅಸ್ಥಿಮಜ್ಜೆ ಕಸಿ ಎಂದೊಡನೆ ನಮ್ಮ ಕಡೆಯ ಬಂಧುಬಳಗದ ಮನಸ್ಸಿನಲ್ಲಿ ಮೂಡುವುದು ಶಸ್ತ್ರಚಿಕಿತ್ಸೆಯ ಚಿತ್ರ: ದಾನಿಯ ಮೂಳೆ ಕೊರೆದು ಏನನ್ನೋ ತೆಗೆಯುತ್ತಾರೆ, ರೋಗಿಯ ಮೂಳೆ ಕೊರೆದು ಅದನ್ನು ತುಂಬುತ್ತಾರೆ. ರಕ್ತದ ಕ್ಯಾನ್ಸರಿಗಾಗಿ ನನ್ನ ಅಕ್ಕನಿಗೆ ಬೆಂಗಳೂರಿನಲ್ಲಿ ಕಸಿ ನಡೆದ ಮೇಲೆ, ದಾನಿಯಾಗಿದ್ದ ನನ್ನನ್ನು ಮದುವೆ ಮುಂಜಿಗಳಲ್ಲಿ ಕಂಡವರೆಲ್ಲ “ಬೆನ್ನುಮೂಳೆ ನೋವು ಹೇಗಿದೆ?” ಎಂದೇ ವಿಚಾರಿಸುತ್ತಿದ್ದರು. ನನ್ನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಕೆಲವು ದಿನ ಚುಚ್ಚುಮದ್ದು ಕೊಟ್ಟು, ಒಂದು ತೋಳಿನಿಂದ ರಕ್ತವನ್ನು ಯಂತ್ರಕ್ಕೆ ಹರಿಸಿ, ಬೇಕಾದ ಕೋಶಗಳನ್ನು ಬೇರ್ಪಡಿಸಿಕೊಂಡು, ಉಳಿದದ್ದನ್ನು ಇನ್ನೊಂದು ತೋಳಿಗೆ ಹಿಂತಿರುಗಿಸಿದರು. ಅಕ್ಕನ ಕಡೆಯಲ್ಲಂತೂ ಇನ್ನೂ ಸರಳ: ಕತ್ತಿನ ಬಳಿ ದೊಡ್ಡ ರಕ್ತನಾಳಕ್ಕೆ ಹಾಕಿದ್ದ ಸೆಂಟ್ರಲ್ ಲೈನ್ ಎಂಬ ಕೊಳವೆಯ ಮೂಲಕ ಸಾಮಾನ್ಯ ರಕ್ತ ಕೊಡುವ ಹಾಗೆಯೇ ಆ ಚೀಲವನ್ನು ಹನಿಸಿದರು.

“ಕುತ್ತಿಗೆಯಲ್ಲಿ ಬಿಟ್ಟದ್ದು ಸೊಂಟದ ಮೂಳೆಗೆ ಹೋಗ್ಬೇಕು ಅಂತ ಅದಕ್ಕೆ ಹೇಗೋ ಗೊತ್ತಾಗತ್ತೆ?” ಎಂದು ಅಕ್ಕ ಕೇಳಿದಳು. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು, ವೈದ್ಯನಲ್ಲ. ಪಠ್ಯಪುಸ್ತಕದಲ್ಲಿ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರವೂ ಇರಲಿಲ್ಲವಾದ್ದರಿಂದ ಅಂದಿನಿಂದ ಓದುತ್ತ ಬಂದಿದ್ದೇನೆ. ಓದಿದಷ್ಟೂ ನನ್ನ ಕುತೂಹಲ ಕೋಶದಿಂದ ಸರಿದು, ಅದು ಸೇರಿಕೊಳ್ಳುವ ಜಾಗದ ಕಡೆಗೆ ಹೊರಳಿದೆ. ಕಸಿ ಫಲಿಸಿದ ಹೆಮ್ಮೆಯನ್ನು ದಾನಿಯ ಕೋಶಕ್ಕೆ ಕೊಡುವುದು ರೂಢಿ. ಅದರ ಅರ್ಧಕ್ಕಿಂತ ಹೆಚ್ಚು ಪಾಲು ರೋಗಿಯ ಮಜ್ಜೆಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಚೀಲದಲ್ಲಿದ್ದದ್ದು ಏನು ಎಂಬುದನ್ನು ಮೊದಲು ಹೇಳಬೇಕು. ಆಸ್ಪತ್ರೆಯವರು ಎಣಿಸುವುದು ಮೇಲ್ಮೈಯಲ್ಲಿ ಸಿಡಿ34 ಎಂಬ ಪ್ರೋಟೀನನ್ನು ಹೊತ್ತ ಕೋಶಗಳನ್ನು. ರೋಗಿಯ ತೂಕದ ಪ್ರತಿ ಕಿಲೋಗ್ರಾಮಿಗೆ ಕನಿಷ್ಠ 20 ಲಕ್ಷ, ಸಾಧ್ಯವಾದರೆ 40ರಿಂದ 50 ಲಕ್ಷ ಸಿಡಿ34 ಕೋಶಗಳು ಬೇಕೆಂಬುದು ಸಾಮಾನ್ಯ ಲೆಕ್ಕ. ಆದರೆ ಈ ಗುರುತುಳ್ಳವೆಲ್ಲ ನಿಜವಾದ ಆಕರಕೋಶಗಳಲ್ಲ (ಸ್ಟೆಮ್ ಸೆಲ್). ಬಹುಪಾಲು ಕೋಶಗಳು ಆಗಲೇ ಯಾವುದೋ ಒಂದು ಕವಲನ್ನು ಹಿಡಿದು, ಕೆಲವು ವಾರವೋ ತಿಂಗಳೋ ರಕ್ತಕಣಗಳನ್ನು ಹುಟ್ಟಿಸಿ ಮುಗಿದುಹೋಗುವಂಥವು. ತನ್ನಂಥದೇ ಇನ್ನೊಂದನ್ನು ಹುಟ್ಟಿಸುತ್ತ ಜೀವಮಾನವಿಡೀ ಉಳಿಯಬಲ್ಲ ಸ್ಟೆಮ್ ಸೆಲ್‌ಗಳು ಅವುಗಳ ನಡುವೆ ತೀರ ಅಲ್ಪಸಂಖ್ಯಾತ. ವಯಸ್ಕರ ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪುಕಣಗಳನ್ನು ತಯಾರಿಸುತ್ತದೆ ಎಂಬುದನ್ನು ನೆನೆದರೆ, ಅಷ್ಟು ದೊಡ್ಡ ಉತ್ಪಾದನೆಯ ಮೂಲ ಎಷ್ಟು ಸಣ್ಣದೆಂಬುದು ತಿಳಿಯುತ್ತದೆ.

ಕೋಶಗಳೇ ಹೋಗಿ ನೆಲೆಸುತ್ತವೆ ಎಂಬುದು ಮೊದಲಿಗೆ ಯಾರಿಗೂ ಖಚಿತವಿರಲಿಲ್ಲ. 1949ರಲ್ಲಿ ಷಿಕಾಗೋದ ಲಿಯಾನ್ ಜೇಕಬ್‌ಸನ್, ಇಲಿಯ ಗುಲ್ಮಕ್ಕೆ ಸೀಸದ ಮರೆ ಕಟ್ಟಿದರೆ ಮಾರಕ ಪ್ರಮಾಣದ ವಿಕಿರಣ ತಾಗಿದರೂ ಆ ಇಲಿ ಬದುಕುತ್ತದೆ ಎಂದು ತೋರಿಸಿದರು. 1951ರಲ್ಲಿ ಎಗಾನ್ ಲೊರೆಂಜ್ ಮತ್ತು ಸಂಗಡಿಗರು ಮಜ್ಜೆಯನ್ನು ರಕ್ತನಾಳಕ್ಕೆ ಕೊಟ್ಟರೂ ಅದೇ ಫಲ ದೊರೆಯುತ್ತದೆ ಎಂದು ಕಂಡುಕೊಂಡರು. ಗುಲ್ಮ ಅಥವಾ ಮಜ್ಜೆಯಿಂದ ಒಸರುವ ಯಾವುದೋ ರಸ ಇಲಿಯ ಸ್ವಂತ ಮಜ್ಜೆಯನ್ನು ಚೇತರಿಸುತ್ತದೆ ಎಂದು ಹಲವರು ನಂಬಿದ್ದರು. ಬ್ರಿಟನ್ನಿನ ಹಾರ್ವೆಲ್‌ನಲ್ಲಿ 1956ರಲ್ಲಿ ಚಾರ್ಲ್ಸ್ ಫೋರ್ಡ್ ಮತ್ತು ಸಹೋದ್ಯೋಗಿಗಳು, ಸೂಕ್ಷ್ಮದರ್ಶಕದಲ್ಲಿ ಗುರುತು ಹಿಡಿಯಬಹುದಾದ ವರ್ಣತಂತುವುಳ್ಳ ಇಲಿಯ ಮಜ್ಜೆಯನ್ನು ಬೇರೆ ಇಲಿಗೆ ಕೊಟ್ಟು, ಚೇತರಿಸಿಕೊಂಡ ಇಲಿಯ ಮಜ್ಜೆಯಲ್ಲಿ ವಿಭಜನೆಯಾಗುತ್ತಿದ್ದ ಕೋಶಗಳು ದಾನಿಯವೇ ಎಂದು ಸಾಬೀತುಪಡಿಸಿದ ಮೇಲೆ ರಸದ ವಾದ ಬಿದ್ದುಹೋಯಿತು.

1961ರಲ್ಲಿ ಟೊರಾಂಟೋದಲ್ಲಿ ಭೌತವಿಜ್ಞಾನಿ ಜೇಮ್ಸ್ ಟಿಲ್ ಮತ್ತು ವೈದ್ಯ ಅರ್ನೆಸ್ಟ್ ಮೆಕಲಕ್ ಪ್ರಕಟಿಸಿದ ಪ್ರಯೋಗ ನನಗೆ ಇಂದಿಗೂ ತರಗತಿಯಲ್ಲಿ ಹೇಳಲು ಅತ್ಯಂತ ಇಷ್ಟವಾದದ್ದು. ವಿಕಿರಣಕ್ಕೊಳಗಾದ ಇಲಿಗಳಿಗೆ ಲೆಕ್ಕ ಹಾಕಿದಷ್ಟು ಮಜ್ಜೆಕೋಶಗಳನ್ನು ಕೊಟ್ಟು ಹತ್ತು ಹನ್ನೊಂದು ದಿನಗಳ ನಂತರ ನೋಡಿದರೆ, ಅವುಗಳ ಗುಲ್ಮದ ಮೇಲೆ ಬರಿಗಣ್ಣಿಗೆ ಕಾಣುವ ಗಂಟುಗಳು ಎದ್ದಿದ್ದವು. ಕೊಟ್ಟ ಕೋಶಗಳ ಸಂಖ್ಯೆ ಹೆಚ್ಚಿದಷ್ಟೂ ಗಂಟುಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಿತ್ತು. ಸರಿಸುಮಾರು 10,000 ಮಜ್ಜೆಕೋಶಗಳಿಗೆ ಒಂದು ಗಂಟು. ಒಂದೊಂದು ಗಂಟೂ ಒಂದೇ ಕೋಶದ ಸಂತತಿ ಎಂಬುದನ್ನು ಎರಡು ವರ್ಷಗಳ ನಂತರ ಆಂಡ್ರ್ಯೂ ಬೆಕರ್ ಅವರೊಡಗೂಡಿ ತೋರಿಸಿದರು. ಆ ಗಂಟುಗಳಲ್ಲಿ ಬಹುಪಾಲನ್ನು ಕಟ್ಟಿದ್ದು ನಿಜವಾದ ಆಕರಕೋಶಗಳಲ್ಲ, ಅವುಗಳಿಂದ ಒಂದೆರಡು ಮೆಟ್ಟಿಲು ಕೆಳಗಿನ ಕೋಶಗಳು ಎಂದು ಆಮೇಲೆ ತಿಳಿದುಬಂದರೂ ಪ್ರಯೋಗದ ಬೆಲೆ ಕುಗ್ಗಲಿಲ್ಲ.

ಇನ್ನು ಅಕ್ಕನ ಪ್ರಶ್ನೆಗೆ ಬರುತ್ತೇನೆ. ಕತ್ತಿನ ಬಳಿಯ ಅಭಿಧಮನಿಗೆ ಬಿದ್ದ ಕೋಶ ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶಕ್ಕೆ, ಅಲ್ಲಿಂದ ಮರಳಿ ಹೃದಯಕ್ಕೆ, ನಂತರ ದೇಹದ ಎಲ್ಲ ಅಂಗಗಳಿಗೂ ರಕ್ತದೊಡನೆ ಹರಿಯುತ್ತದೆ. ಅದಕ್ಕೆ ದಿಕ್ಕು ಗೊತ್ತಿಲ್ಲ. ಮೂಳೆಯ ಕಡೆಗೆ ಈಜಿಕೊಂಡು ಹೋಗುವ ಶಕ್ತಿಯೂ ಇಲ್ಲ. ಕೆಲವು ಶ್ವಾಸಕೋಶದಲ್ಲಿ, ಯಕೃತ್ತಿನಲ್ಲಿ, ಗುಲ್ಮದಲ್ಲಿ ಸಿಕ್ಕಿಬೀಳುತ್ತವೆ, ಎಷ್ಟೋ ಸತ್ತೂ ಹೋಗುತ್ತವೆ. ಮಜ್ಜೆಯನ್ನು ಹಾದುಹೋಗುವಾಗ ಮಾತ್ರ ಬೇರೇನೋ ನಡೆಯುತ್ತದೆ. ಮಜ್ಜೆಯ ಒಳಗೆ ಸೈನುಸಾಯ್ಡ್ ಎಂಬ ಅಗಲವಾದ, ತೆಳುಗೋಡೆಯ ರಕ್ತನಾಳಗಳ ಜಾಲವಿದೆ. ಅಲ್ಲಿ ರಕ್ತದ ಓಟ ನಿಧಾನ. ಆ ನಾಳಗಳ ಒಳಗೋಡೆಯ ಮೇಲೆ ಇ-ಸೆಲೆಕ್ಟಿನ್, ಪಿ-ಸೆಲೆಕ್ಟಿನ್ ಎಂಬ ಅಣುಗಳು ಸದಾ ಚಾಚಿಕೊಂಡಿರುತ್ತವೆ. ಬೇರೆ ಬಹುತೇಕ ಅಂಗಾಂಗಗಳ ನಾಳಗಳಲ್ಲಿ ಇವು ಉರಿಯೂತವಾದಾಗ ಮಾತ್ರ ತಲೆಯೆತ್ತುವಂಥವು. ಮಳೆಗಾಲದ ಹೊಳೆಯಲ್ಲಿ ತೇಲಿಬಂದ ತೆಂಗಿನಕಾಯಿ ದಡದ ಬೇರುಗಳಿಗೆ ತಾಗಿ ತಾಗಿ ವೇಗ ಕಳೆದುಕೊಂಡು ಕೊನೆಗೊಂದು ಬೇರಿನ ಸಂದಿಯಲ್ಲಿ ನಿಲ್ಲುವಂತೆ, ಕೋಶವು ಸೆಲೆಕ್ಟಿನ್‌ಗಳಿಗೆ ತಾಗುತ್ತ ಗೋಡೆಗುಂಟ ಉರುಳುತ್ತದೆ.

ಉರುಳುವ ಕೋಶವನ್ನು ನಿಲ್ಲಿಸುವುದು ಸಿಎಕ್ಸ್‌ಸಿಎಲ್12 ಎಂಬ ರಾಸಾಯನಿಕ ಸಂಕೇತ. ಮಜ್ಜೆಯ ಆಧಾರಕೋಶಗಳು ಇದನ್ನು ಧಾರಾಳವಾಗಿ ಸ್ರವಿಸುತ್ತವೆ. ಆಕರಕೋಶದ ಮೈಮೇಲೆ ಇದನ್ನು ಗ್ರಹಿಸುವ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕವಿದೆ. ಸಂಕೇತ ತಗುಲಿದ ಕ್ಷಣವೇ ಕೋಶದ ಮೇಲಿನ ವಿಎಲ್‌ಎ-4 ಎಂಬ ಇಂಟಿಗ್ರಿನ್ (ಕೋಶವನ್ನು ಅಂಟಿಸುವ ಅಣು) ಬಿಗಿಯಾಗಿ, ನಾಳದ ಗೋಡೆಯಲ್ಲಿರುವ ವಿಕ್ಯಾಮ್-1 ಎಂಬ ಅಣುವನ್ನು ಹಿಡಿದುಕೊಳ್ಳುತ್ತದೆ. ನಿಂತ ಕೋಶ ಚಪ್ಪಟೆಯಾಗಿ, ಗೋಡೆಯನ್ನು ನುಸುಳಿ, ಸಂಕೇತ ಗಾಢವಾಗಿರುವ ಕಡೆಗೆ ತೆವಳುತ್ತದೆ. ಇದೆಲ್ಲ ಗಂಟೆಗಳ ಲೆಕ್ಕದಲ್ಲಿ ಆಗುವ ಕೆಲಸ. ಮೊದಲ ಒಂದೆರಡು ದಿನ ಕಳೆಯುವಷ್ಟರಲ್ಲಿ ಮಜ್ಜೆಗೆ ಸೇರಬೇಕಾದವು ಸೇರಿರುತ್ತವೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಟ್ಸ್ವೀ ಲಪಿಡೋಟ್ ಅವರ ತಂಡ 1999ರಲ್ಲಿ, ಸಿಎಕ್ಸ್‌ಸಿಆರ್4 ಅನ್ನು ಅಡ್ಡಗಟ್ಟಿದರೆ ಮನುಷ್ಯರ ಆಕರಕೋಶಗಳು ಪ್ರತಿರೋಧಶಕ್ತಿಯಿಲ್ಲದ ಇಲಿಯ ಮಜ್ಜೆಯಲ್ಲಿ ನೆಲೆಯೂರುವುದೇ ಇಲ್ಲ ಎಂದು ತೋರಿಸಿದ ಮೇಲೆ ಈ ಜೋಡಿಯ ಮಹತ್ವ ಸ್ಪಷ್ಟವಾಯಿತು.

ದಾನಿಯಾಗಿ ನನಗೆ ಹೆಚ್ಚು ರುಚಿಸಿದ್ದು ಇದರ ಮತ್ತೊಂದು ಮಗ್ಗುಲು. ಅಕ್ಕನ ಮಜ್ಜೆಯಲ್ಲಿ ಬಿಗಿಯಬೇಕಾದ ಹಿಡಿತವನ್ನೇ ನನ್ನ ಮಜ್ಜೆಯಲ್ಲಿ ಸಡಿಲಿಸಿದ್ದರು. ದಾನಿಗಳಿಗೆ ಕೊಡುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ಮಜ್ಜೆಯಲ್ಲಿ ಸಿಎಕ್ಸ್‌ಸಿಎಲ್12 ಪ್ರಮಾಣವನ್ನು ಇಳಿಸುತ್ತದೆ, ಅಂಟಿಸಿಟ್ಟ ಅಣುಗಳನ್ನು ಕತ್ತರಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ; ಆಕರಕೋಶಗಳು ಜಾರಿ ರಕ್ತಕ್ಕೆ ಬೀಳುತ್ತವೆ. ಆ ದಿನಗಳಲ್ಲಿ ಸೊಂಟ, ಎದೆಮೂಳೆಗಳಲ್ಲಿ ಜ್ವರ ಬಂದಾಗಿನಂತಹ ನೋವು ಇರುತ್ತದೆ. ಇಷ್ಟರಿಂದಲೂ ಕೋಶಗಳು ಸಾಕಷ್ಟು ಹೊರಬರದ ಕೆಲವು ರೋಗಿಗಳಿಗೆ ಪ್ಲೆರಿಕ್ಸಾಫಾರ್ ಎಂಬ ಔಷಧಿ ಕೊಡುತ್ತಾರೆ. ಅದು ನೇರವಾಗಿ ಸಿಎಕ್ಸ್‌ಸಿಆರ್4 ಅನ್ನೇ ಮುಚ್ಚುತ್ತದೆ. ಎಚ್‌ಐವಿ ವಿರುದ್ಧ ಪರೀಕ್ಷಿಸುತ್ತಿದ್ದ ಈ ಔಷಧಿ ಬಿಳಿಕಣಗಳ ಸಂಖ್ಯೆಯನ್ನು ಏರಿಸುವುದನ್ನು ಕಂಡವರು ಅದನ್ನು ಈ ಕೆಲಸಕ್ಕೆ ತಿರುಗಿಸಿಕೊಂಡರು. ಅಮೆರಿಕದಲ್ಲಿ 2008ರಲ್ಲಿ ಅದಕ್ಕೆ ಮನ್ನಣೆ ದೊರೆಯಿತು.

ಹೀಗೆ ದಾರಿ ಹಿಡಿಯುವ ವಿದ್ಯೆಯನ್ನು ಆಕರಕೋಶ ವೈದ್ಯರಿಗಾಗಿ ಕಲಿತದ್ದಲ್ಲ. ಭ್ರೂಣದಲ್ಲಿ ರಕ್ತ ಮೊದಲು ಹುಟ್ಟುವುದು ಯೋಕ್ ಸ್ಯಾಕ್ ಎಂಬ ಚೀಲದಲ್ಲಿ. ಆಮೇಲೆ ಆಕರಕೋಶಗಳು ಮಹಾಅಪಧಮನಿಯ ಬದಿಯಲ್ಲಿ ಹುಟ್ಟಿ ಯಕೃತ್ತಿಗೆ ಹೋಗಿ ಬೆಳೆಯುತ್ತವೆ. ಮೂಳೆಗಳು ರೂಪುಗೊಂಡ ಮೇಲೆ ರಕ್ತದ ಮೂಲಕವೇ ಮಜ್ಜೆಗೆ ಸಾಗುತ್ತವೆ. ನಾವೆಲ್ಲರೂ ಹುಟ್ಟುವ ಮೊದಲೇ ಒಮ್ಮೆ ಈ ಕಸಿಯನ್ನು ಮುಗಿಸಿಕೊಂಡು ಬಂದವರು. ವಯಸ್ಕರಲ್ಲೂ ಕೆಲವೇ ಕೆಲವು ಆಕರಕೋಶಗಳು ಮಜ್ಜೆ ಬಿಟ್ಟು ರಕ್ತದಲ್ಲಿ ಸುತ್ತಿ ಮತ್ತೆ ಮಜ್ಜೆಗೆ ಮರಳುತ್ತಿರುತ್ತವೆ. ಇಲಿಗಳಲ್ಲಿ ಇದು ಹಗಲುರಾತ್ರಿಯ ಲಯಕ್ಕೆ ಹೊಂದಿಕೊಂಡಿದೆ ಎಂದು 2008ರಲ್ಲಿ ಪಾಲ್ ಫ್ರೆನೆಟ್ ಅವರ ತಂಡ ತೋರಿಸಿತು. ಮಜ್ಜೆಗೆ ಹೋಗುವ ನರಗಳು ಸಿಎಕ್ಸ್‌ಸಿಎಲ್12 ಪ್ರಮಾಣವನ್ನು ದಿನದ ಹೊತ್ತಿಗೆ ತಕ್ಕಂತೆ ಏರಿಳಿಸುತ್ತವೆ. ದಾರಿಯಲ್ಲಿ ಎಷ್ಟೋ ಕೋಶಗಳು ಕಳೆದುಹೋಗುವುದಾದರೆ ಮೂಳೆಗೇ ನೇರ ಚುಚ್ಚುವುದು ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಕೋಶಗಳ ಸಂಖ್ಯೆ ಕಡಿಮೆಯಿರುವ ಹೊಕ್ಕುಳಬಳ್ಳಿ ರಕ್ತದ ಕಸಿಯಲ್ಲಿ ಇಟಲಿಯ ಜಿನೋವಾದ ವೈದ್ಯರು ಅದನ್ನೂ ಮಾಡಿ ನೋಡಿದ್ದಾರೆ. ಆದರೂ ರಕ್ತನಾಳದ ದಾರಿಯೇ ರೂಢಿಯಲ್ಲಿ ಉಳಿದಿದೆ.

ತಲುಪುವುದು ಬೇರೆ, ನೆಲೆಯೂರುವುದು ಬೇರೆ. 1978ರಲ್ಲಿ ಮ್ಯಾಂಚೆಸ್ಟರಿನ ರೇ ಸ್ಕೋಫೀಲ್ಡ್ ಒಂದು ವಾದ ಮುಂದಿಟ್ಟರು: ಆಕರಕೋಶವು ಆಕರಕೋಶವಾಗಿ ಉಳಿಯುವುದು ಅದರ ಸ್ವಂತ ಗುಣದಿಂದ ಮಾತ್ರವಲ್ಲ, ಅದು ಕುಳಿತ ನೆಲೆಯ ಬಲದಿಂದ, ನೆಲೆ ಬಿಟ್ಟ ಕೋಶ ಬೆಳೆದು ಬಲಿತು ರಕ್ತಕಣವಾಗಿ ಮುಗಿದುಹೋಗುತ್ತದೆ, ಖಾಲಿ ನೆಲೆಗೆ ಬಂದು ಕುಳಿತದ್ದು ಆಕರಕೋಶವಾಗಿ ಮುಂದುವರಿಯುತ್ತದೆ. ಆ ನೆಲೆ ಎಲ್ಲಿದೆ, ಯಾವ ಕೋಶಗಳಿಂದ ಆಗಿದೆ ಎಂಬುದನ್ನು ಕಣ್ಣಾರೆ ಕಾಣಲು ಕಾಲು ಶತಮಾನ ಹಿಡಿಯಿತು. 2003ರಲ್ಲಿ ಒಟ್ಟಿಗೆ ಪ್ರಕಟವಾದ ಎರಡು ಅಧ್ಯಯನಗಳು ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳ ಕಡೆಗೆ ಬೆರಳು ಮಾಡಿದವು. ಎರಡೇ ವರ್ಷಗಳಲ್ಲಿ ಶಾನ್ ಮಾರಿಸನ್ ಅವರ ಪ್ರಯೋಗಾಲಯ, ಹೆಚ್ಚಿನ ಆಕರಕೋಶಗಳು ಮೂಳೆಗೆ ಅಂಟಿಕೊಂಡಿಲ್ಲ, ಸೈನುಸಾಯ್ಡ್ ನಾಳಗಳ ಪಕ್ಕದಲ್ಲಿವೆ ಎಂದಿತು. ಆಕರಕೋಶವನ್ನು ಬದುಕಿಸಿಡುವ ಎಸ್‌ಸಿಎಫ್ ಎಂಬ ಪ್ರೋಟೀನು ಬರುವುದು ಮುಖ್ಯವಾಗಿ ನಾಳದ ಗೋಡೆಯ ಕೋಶಗಳಿಂದ ಮತ್ತು ನಾಳವನ್ನು ಸುತ್ತುವರಿದ ಆಧಾರಕೋಶಗಳಿಂದ ಎಂದು 2012ರಲ್ಲಿ ಅದೇ ತಂಡ ತೋರಿಸಿತು. ಸಿಎಕ್ಸ್‌ಸಿಎಲ್12 ಅನ್ನು ಹೇರಳವಾಗಿ ಸುರಿಸುವವೂ ಬಹುಮಟ್ಟಿಗೆ ಅವೇ ಆಧಾರಕೋಶಗಳು. ಕರೆದವರೂ ಸಾಕುವವರೂ ಒಬ್ಬರೇ ಎಂದ ಹಾಗಾಯಿತು. ಹಳೆಯ ಚಿತ್ರಗಳಲ್ಲಿ ಇನ್ನೂ ಆಕರಕೋಶವನ್ನು ಮೂಳೆಯ ಅಂಚಿಗೆ ಅಂಟಿಸಿ ತೋರಿಸುತ್ತಾರೆ. ವಾದ ಪೂರ್ತಿ ಮುಗಿದಿಲ್ಲವಾದರೂ ಪುರಾವೆ ರಕ್ತನಾಳದ ಕಡೆಗೆ ವಾಲಿದೆ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ನೆಲೆಗಳ ಸಂಖ್ಯೆ ಮಿತವಾದದ್ದು, ಆರೋಗ್ಯವಂತರಲ್ಲಿ ಅವು ಬಹುತೇಕ ಭರ್ತಿಯಾಗಿರುತ್ತವೆ ಎಂಬುದು ರೂಢಿಯ ತಿಳುವಳಿಕೆ. 1958ರಲ್ಲಿ ಯುಗೋಸ್ಲಾವಿಯಾದ ವಿಂಚಾ ಪರಮಾಣು ಕೇಂದ್ರದ ಅಪಘಾತದಲ್ಲಿ ವಿಕಿರಣಕ್ಕೆ ಸಿಕ್ಕಿದ ಆರು ಮಂದಿಯನ್ನು ಪ್ಯಾರಿಸ್ಸಿಗೆ ಕರೆತಂದಾಗ, ವೈದ್ಯ ಜಾರ್ಜ್ ಮಾತೆ ಅವರು ಐವರಿಗೆ ಬೇರೆಯವರ ಮಜ್ಜೆ ಕೊಟ್ಟರು. ಒಬ್ಬರು ತೀರಿಕೊಂಡರು, ಉಳಿದವರಲ್ಲಿ ಕೆಲಕಾಲ ದಾನಿಗಳ ಕೆಂಪುಕಣಗಳು ಕಂಡವು, ಅವರ ಸ್ವಂತ ಮಜ್ಜೆ ಚೇತರಿಸಿಕೊಂಡಂತೆ ಅವು ಮರೆಯಾದವು. ಜಾಗದ ಒಡೆಯರು ಬದುಕಿದ್ದರೆ ಹೊರಗಿನವರಿಗೆ ಉಳಿಗಾಲವಿಲ್ಲ. ಕಸಿಗೆ ಮೊದಲು ಬುಸಲ್ಫಾನ್, ಮೆಲ್ಫಲಾನ್, ಸೈಕ್ಲೋಫಾಸ್ಫಮೈಡ್‌ನಂತಹ ಔಷಧಿಗಳನ್ನೋ ಇಡೀ ಮೈಗೆ ವಿಕಿರಣವನ್ನೋ ಕೊಡುವ ಕಠಿಣ ಹಂತ ಇರುವುದು ಇದಕ್ಕಾಗಿಯೇ. ಅದು ಉಳಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ದಾನಿಯ ಕೋಶಗಳ ಮೇಲೆ ಎರಗಬಲ್ಲ ರೋಗಿಯ ಪ್ರತಿರೋಧ ಕೋಶಗಳನ್ನು ಅಡಗಿಸುತ್ತದೆ, ನೆಲೆಗಳನ್ನು ಖಾಲಿ ಮಾಡಿಸುತ್ತದೆ. ಆದರೆ ಅದೇ ಏಟು ನೆಲೆಗೂ ಬೀಳುತ್ತದೆ: ಸೈನುಸಾಯ್ಡ್‌ಗಳು ಹರಿದು ಹಿಗ್ಗುತ್ತವೆ, ಮಜ್ಜೆಯಲ್ಲಿ ಕೊಬ್ಬಿನ ಕೋಶಗಳು ತುಂಬಿಕೊಳ್ಳುತ್ತವೆ. ಹರಿದ ನಾಳಗಳು ಮತ್ತೆ ಹೆಣೆದುಕೊಳ್ಳದಿದ್ದರೆ ದಾನಿಯ ಕೋಶಗಳು ಬೆಳೆಯಲಾರವೆಂಬುದು ಇಲಿಗಳಲ್ಲಿ ಖಚಿತವಾಗಿದೆ. ಕೊಬ್ಬಿನ ಕೋಶಗಳನ್ನು ಬಹುಕಾಲ ಅಡ್ಡಿಯೆಂದೇ ಬಗೆಯಲಾಗಿತ್ತು; ವಿಕಿರಣದ ನಂತರ ಉದ್ದ ಮೂಳೆಗಳಲ್ಲಿ ಅವೇ ಎಸ್‌ಸಿಎಫ್ ಒದಗಿಸಿ ಚೇತರಿಕೆಗೆ ನೆರವಾಗುತ್ತವೆ ಎಂದು 2017ರಲ್ಲಿ ತಿಳಿದುಬಂತು.

ಹುಟ್ಟಿನಿಂದಲೇ ಪ್ರತಿರೋಧಶಕ್ತಿಯಿಲ್ಲದ ಕೆಲವು ಮಕ್ಕಳಿಗೆ ಈ ತೆರವು ಹಂತವಿಲ್ಲದೆಯೂ ಒಡಹುಟ್ಟಿದವರ ಮಜ್ಜೆ ಹಿಡಿಯುತ್ತದೆ. 1968ರಲ್ಲಿ ಮಿನ್ನೆಸೋಟದಲ್ಲಿ ರಾಬರ್ಟ್ ಗುಡ್ ಅವರು ಅಂತಹ ಮಗುವೊಂದಕ್ಕೆ ಮಾಡಿದ ಕಸಿ, ಬೇರೆಯವರ ಮಜ್ಜೆ ದೀರ್ಘಕಾಲ ಉಳಿದ ಮೊದಲ ಪ್ರಕರಣಗಳಲ್ಲೊಂದು. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಇದನ್ನು ಸಾಧಿಸಲು ದಶಕಗಳ ಕಾಲ ದುಡಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1983ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1986ರಲ್ಲಿ ಕಸಿ ಆರಂಭಿಸಿದವು. ಒಂದು ಕಾಲಕ್ಕೆ ಕರ್ನಾಟಕದ ರೋಗಿಗಳು ವೆಲ್ಲೂರಿನ ರೈಲು ಹಿಡಿಯುತ್ತಿದ್ದರು, ಈಗ ಬೆಂಗಳೂರಿನಲ್ಲೇ ಹಲವು ಕಡೆ ನಡೆಯುತ್ತದೆ.

ಕೋಶ ಕೊಟ್ಟ ದಿನವನ್ನು ವಾರ್ಡಿನಲ್ಲಿ “ಡೇ ಝೀರೋ” ಎನ್ನುತ್ತಾರೆ. ಅಲ್ಲಿಂದ ಮುಂದಿನ ದಿನಗಳಲ್ಲಿ ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿರುವುದಿಲ್ಲ. ಬಿಳಿಕಣಗಳ ಕೌಂಟ್ ಪಾತಾಳಕ್ಕಿಳಿದಿರುತ್ತದೆ, ಬಾಯಿಯಲ್ಲಿ ಹುಣ್ಣು, ಜ್ವರ, ಮನೆಯವರ ಒಂದೇ ಪ್ರಶ್ನೆ, “ಕೌಂಟ್ ಬಂತಾ?” ಮೂಳೆಯೊಳಗೆ ಮಾತ್ರ ಮೊದಲು ಕೆಲಸ ಹಿಡಿದವು ಆಗಲೇ ಕವಲು ಹಿಡಿದಿದ್ದ ಆ ಬಹುಸಂಖ್ಯಾತ ಕೋಶಗಳು. ಅವುಗಳ ವಿಭಜನೆಯ ಫಲವಾಗಿಯೇ ಬಿಳಿಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳು ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು ಮೈಕ್ರೋಲೀಟರಿಗೆ 500ರ ಮೇಲೆ ಸತತ ಮೂರು ದಿನ ನಿಂತರೆ, ಅವುಗಳಲ್ಲಿ ಮೊದಲ ದಿನವನ್ನು ಗ್ರಾಫ್ಟ್ (ಕಸಿ) ಹಿಡಿದ ದಿನವೆಂದು ಬರೆದುಕೊಳ್ಳುತ್ತಾರೆ. ಜಿ-ಸಿಎಸ್‌ಎಫ್ ಕೊಟ್ಟು ರಕ್ತದಿಂದ ತೆಗೆದ ಕೋಶಗಳಾದರೆ ಎರಡು ವಾರದ ಆಸುಪಾಸು, ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯಾದರೆ ಸುಮಾರು ಮೂರು ವಾರ, ಹೊಕ್ಕುಳಬಳ್ಳಿ ರಕ್ತವಾದರೆ ಇನ್ನೂ ತಡ. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಹಿಂದೆ ಬೀಳುತ್ತದೆ, ಏಕೆಂದರೆ ಅದನ್ನು ಉದುರಿಸುವ ಮೆಗಾಕಾರ್ಯೋಸೈಟ್ ಎಂಬ ಬೃಹತ್ ಕೋಶ ಬಲಿಯಲು ಸಮಯ ಬೇಕು, ಅದು ಸೈನುಸಾಯ್ಡ್ ಗೋಡೆಗೆ ಒರಗಿ ಕುಳಿತೇ ಕೆಲಸ ಮಾಡಬೇಕು. ಆ ಗೋಡೆಯೇ ಆಗ ದುರಸ್ತಿಯಲ್ಲಿರುತ್ತದೆ.

ನಿಜವಾದ ಆಕರಕೋಶಗಳಿಗೆ ಅವಸರವಿಲ್ಲ. ಮೊದಲ ಕೋಶಗಳು ದಣಿದು ಹಿಂದೆ ಸರಿಯುವ ಹೊತ್ತಿಗೆ, ಅಂದರೆ ತಿಂಗಳುಗಳ ನಂತರ, ರಕ್ತದ ಹೊಣೆ ಇವುಗಳ ಮೇಲೆ ಬರುತ್ತದೆ. ಆಮೇಲೆ ಇವೂ ಹೆಚ್ಚಿನ ಕಾಲ ವಿಭಜನೆಯಾಗದೆ ಸುಮ್ಮನಿರುತ್ತವೆ. ನೂರನೆಯ ದಿನದ ಸುಮಾರಿಗೆ ಮಾಡುವ, ರಕ್ತಕೋಶಗಳು ದಾನಿಯವೋ ರೋಗಿಯವೋ ಎಂದು ನೋಡುವ ಕೈಮೆರಿಸಂ ಪರೀಕ್ಷೆಯಲ್ಲಿ ಅಕ್ಕನ ರಕ್ತಕೋಶಗಳ ಡಿಎನ್‌ಎ ನನ್ನದೇ ಎಂದು ಬಂತು. ಅಕ್ಕನ ರಕ್ತದಲ್ಲಿ ಈಗ ಗಂಡಸರಲ್ಲಿರುವ ವೈ ವರ್ಣತಂತು ಇದೆ. ಆದರೆ ಆಕೆಯ ಚರ್ಮ, ಕೂದಲಿನ ಬುಡ ಹಾಗೆಯೇ ಆಕೆಯವೇ. ಎಲ್ಲಕ್ಕಿಂತ ಮುಖ್ಯವಾಗಿ, ಕಸಿಯಾದ ನಂತರವೂ ಮಜ್ಜೆಯ ಆಧಾರಕೋಶಗಳು ಬಹುಮಟ್ಟಿಗೆ ರೋಗಿಯವೇ ಆಗಿ ಉಳಿಯುತ್ತವೆ. ನನ್ನ ಕೋಶಗಳನ್ನು ಕರೆದದ್ದು, ಇಂದಿಗೂ ಎಸ್‌ಸಿಎಫ್ ಉಣಿಸಿ ಆಕರಕೋಶಗಳಾಗಿ ಉಳಿಸಿರುವುದು, ಕೀಮೋದ ಏಟು ತಿಂದೂ ಚೇತರಿಸಿಕೊಂಡ ಅಕ್ಕನ ಕೋಶಗಳೇ. “ನೀನು ಬದುಕಿಸಿದೆ” ಎಂದು ಯಾರಾದರೂ ನನಗೆ ಹೇಳಿದಾಗ ನಾನು ಇದನ್ನು ವಿವರಿಸಲು ಹೋಗುತ್ತೇನೆ; ಮನೆಯಲ್ಲಿ ಎಲ್ಲರಿಗೂ ಇದು ಬಾಯಿಪಾಠವಾಗಿದೆ.

ಪ್ರತಿರೋಧಶಕ್ತಿಯ ಮುಖ್ಯ ಭಾಗವಾದ ಟಿ ಕೋಶಗಳ ಕಥೆ ಮಾತ್ರ ನಿಧಾನದ್ದು. ಅವು ಮಜ್ಜೆಯಲ್ಲಿ ಹುಟ್ಟಿದರೂ ಥೈಮಸ್ ಗ್ರಂಥಿಯಲ್ಲಿ ಪಳಗಬೇಕು. ವಯಸ್ಸಾದಂತೆ ಆ ಗ್ರಂಥಿ ಕುಗ್ಗಿರುವುದರಿಂದ ಪ್ರತಿರೋಧಶಕ್ತಿ ಕುದುರಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು, ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳನ್ನು ಮೊದಲಿನಿಂದ ಹಾಕಿಸಬೇಕು.

ಕೊನೆಯದಾಗಿ, ಇದೇ ಹಾದಿಯಲ್ಲಿರುವ ಮನೆಗಳಿಗೆ ಉಪಯೋಗಕ್ಕೆ ಬರುವ ಒಂದು ಸಂಗತಿ. ಅಕ್ಕನದು ಬಿ ಗುಂಪು, ನನ್ನದು ಓ. ಕೆಂಪುಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ ಕೆಲವು ತಿಂಗಳು ಎರಡೂ ಬಗೆಯ ಕಣಗಳು ಆಕೆಯ ರಕ್ತದಲ್ಲಿ ಬೆರೆತಿದ್ದು, ಆಮೇಲೆ ಓ ಮಾತ್ರ ಉಳಿಯಿತು. ಆದರೆ ಹುಟ್ಟಾ ಓ ಗುಂಪಿನವರ ಪ್ಲಾಸ್ಮಾದಲ್ಲಿ ಇರಬೇಕಾದ ಬಿ-ವಿರೋಧಿ ಪ್ರತಿಕಾಯ ಇಂಥವರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಏಕೆಂದರೆ ಅವರ ಉಳಿದ ಅಂಗಾಂಶಗಳ ಮೇಲೆ ಬಿ ಗುರುತು ಇದ್ದೇ ಇರುತ್ತದೆ. ಹೀಗಾಗಿ ಕೆಂಪುಕಣದ ಪರೀಕ್ಷೆ ಒಂದು ಹೇಳಿದರೆ ಪ್ಲಾಸ್ಮಾ ಪರೀಕ್ಷೆ ಇನ್ನೊಂದು ಹೇಳುತ್ತದೆ. ವಿಷಯ ತಿಳಿಯದ ರಕ್ತನಿಧಿಯಲ್ಲಿ ಮಾದರಿ ಅದಲುಬದಲಾಗಿದೆಯೇ ಎಂಬ ಅನುಮಾನ ಹುಟ್ಟಬಹುದು. ಕಸಿಯ ದಿನಾಂಕ, ದಾನಿಯ ಮತ್ತು ರೋಗಿಯ ಮೂಲ ಗುಂಪು, ವಿಕಿರಣಕ್ಕೊಳಪಡಿಸಿದ ರಕ್ತವನ್ನೇ ಕೊಡಬೇಕೆಂಬ ಸೂಚನೆ ಇವಿಷ್ಟನ್ನೂ ಬರೆದ ಪತ್ರವನ್ನು ಕಸಿ ಮಾಡಿದ ವೈದ್ಯರಿಂದ ಪಡೆದು, ಅದರ ಒಂದು ಪ್ರತಿಯನ್ನು ರೋಗಿಯ ಪರ್ಸಿನಲ್ಲೂ ಇನ್ನೊಂದನ್ನು ಮನೆಯವರ ಮೊಬೈಲಿನಲ್ಲೂ ಇಟ್ಟುಕೊಳ್ಳಬೇಕು.